ಕೇಸು ಬೇಕೋ, ಸೂರು ಬೇಕೋ? ಮುಂಬಯಿಯ ನಮ್ಮ ಹೆಣ್ಣುಮಕ್ಕಳಿಗೆ ಯಾವ ದಾರಿ ಯಾವಾಗ

ಡೊಂಬಿವಲಿಯ ನಮ್ಮ ಸಂಘದ ಕೋಣೆಯಲ್ಲಿ ಭಾನುವಾರ ಭಜನೆ ಮುಗಿದ ಮೇಲೆ ಒಂದಿಬ್ಬರು ಹೆಂಗಸರು ಹಿಂದೆ ಉಳಿಯುತ್ತಾರೆ. ಚಾಪೆ ಮಡಚುವುದು ಒಂದು ನೆಪ. ಕಳೆದ ಮಳೆಗಾಲದಲ್ಲಿ ಹಾಗೆ ಉಳಿದವಳೊಬ್ಬಳು ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಿಂದ ಮೂರು ಚೀಟಿ ತೆಗೆದು ನನ್ನ ಮುಂದಿಟ್ಟಳು. ಮಡಿಕೆಯಲ್ಲಿ ಹರಿದಿದ್ದವು, ಒಂದಕ್ಕೆ ಅರಿಶಿನದ ಕಲೆ ಹತ್ತಿತ್ತು. "ಮೂರು ಸಲ ಕೇಸು ಹಾಕಿದ್ದೇನೆ ಅಕ್ಕಾ, ಏನೂ ಆಗಲಿಲ್ಲ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಕೇಸೇ ಬೇಡ. ನಮ್ಮ ಯಜಮಾನರು ಜೈಲಿಗೆ ಹೋಗಲಿ ಅಂತಲೂ ಇಲ್ಲ. ನಾನು, ಮಕ್ಕಳು ಆ ಮನೆಯಲ್ಲೇ ಹೆದರಿಕೆಯಿಲ್ಲದೆ ಮಲಗಿದರೆ ಸಾಕು."

ಅವಳು ಒಂದು ಕೇಸನ್ನೂ ಹಾಕಿರಲಿಲ್ಲ. ಆ ಮೂರೂ ಎನ್.ಸಿ. ಚೀಟಿಗಳು. ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಸಣ್ಣ ಅಪರಾಧ ಎಂದು ಬರೆದುಕೊಂಡಾಗ ಕೊಡುವ ಕಾಗದ ಅದು. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಅದರ ಮೇಲೆ ಮುಂದಿನ ಹೆಜ್ಜೆ ಇಲ್ಲ. ಎಫ್.ಐ.ಆರ್. ಬೇರೆ, ಪೊಲೀಸರು ತನಿಖೆ ಶುರು ಮಾಡುವ ದೂರಿನ ದಾಖಲೆ ಅದು. ಮುಂಬಯಿಯಲ್ಲಿ ಎಷ್ಟೋ ಮಂದಿ ಎನ್.ಸಿ. ಚೀಟಿ ಹಿಡಿದುಕೊಂಡು ಕೇಸು ನಡೆಯುತ್ತಿದೆ ಎಂದು ವರ್ಷಗಟ್ಟಲೆ ಕಾಯುತ್ತಾರೆ. ಆದರೆ ಆ ಚೀಟಿಗಳನ್ನು ಎಸೆಯಬೇಡಿ. ಅವು ಯಾಕೆ ಬೇಕಾಗುತ್ತವೆ ಎಂದು ಕೆಳಗೆ ಹೇಳುತ್ತೇನೆ.

ನಾನು ವಕೀಲೆಯಲ್ಲ. ಹನ್ನೊಂದು ವರ್ಷದಿಂದ ನಮ್ಮವರ ಜೊತೆ ಠಾಣೆಗೆ, ಕೋರ್ಟಿಗೆ ಹೋಗಿ ಪಕ್ಕದಲ್ಲಿ ಕೂತವಳು. "ಯಾವ ಕಾನೂನು ಗಟ್ಟಿ?" ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು, ನಾಳೆ ಬೆಳಗ್ಗೆ ನಿನಗೆ ಏನು ಬೇಕು? ಸೂರೋ, ಮಕ್ಕಳ ಫೀಸೋ, ಹೊಡೆತ ನಿಲ್ಲಬೇಕೋ, ಹೊಡೆದವನಿಗೆ ಶಿಕ್ಷೆಯಾಗಬೇಕೋ? ಒಂದೊಂದಕ್ಕೂ ಬಾಗಿಲು ಬೇರೆ. ಒಂದು ತಟ್ಟಿದರೆ ಇನ್ನೊಂದು ಮುಚ್ಚುವುದಿಲ್ಲ, ಆದರೆ ಯಾವುದನ್ನು ಮೊದಲು ತಟ್ಟುತ್ತೀರಿ ಎಂಬುದರ ಮೇಲೆ ಮುಂದಿನ ಎರಡು ವರ್ಷ ನಿಂತಿರುತ್ತದೆ.

ಮನೆಯೊಳಗೆ: ಡಿ.ವಿ. ಅರ್ಜಿ, 498ಎ, ಜೀವನಾಂಶ

ಸೂರು ಬೇಕಾದವರಿಗೆ ನಾನು ಮೊದಲು ತೋರಿಸುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನು. ಕೋರ್ಟಿನ ಆವರಣದಲ್ಲಿ ಎಲ್ಲರೂ "ಡಿ.ವಿ." ಅನ್ನುತ್ತಾರೆ. ಇದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇಲ್ಲಿ ನೀವು ಗಂಡನನ್ನು ಜೈಲಿಗೆ ಕಳಿಸಿ ಎಂದು ಕೇಳುತ್ತಿಲ್ಲ, ನನ್ನನ್ನು ಕಾಪಾಡಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳುತ್ತಿದ್ದೀರಿ. ಒಂದೇ ಅರ್ಜಿಯಲ್ಲಿ ಹೊಡೆಯದಂತೆ ರಕ್ಷಣಾ ಆದೇಶ, ಮನೆಯಿಂದ ಹೊರಹಾಕದಂತೆ ವಾಸದ ಆದೇಶ, ತಿಂಗಳ ಖರ್ಚು, ಮಕ್ಕಳ ಸುಪರ್ದಿ, ಒಡವೆ ವಾಪಸು, ಪರಿಹಾರ ಎಲ್ಲವನ್ನೂ ಕೇಳಬಹುದು. ಮೈಮೇಲೆ ಬಾಸುಂಡೆ ಇರಲೇಬೇಕೆಂದಿಲ್ಲ. ಬೈಗುಳ, ಅವಮಾನ, ಲೈಂಗಿಕ ಹಿಂಸೆ, ಸಂಬಳ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಕಾಸು ಕೊಡದಿರುವುದು ಎಲ್ಲವೂ ಈ ಕಾಯ್ದೆಯ ಕಣ್ಣಲ್ಲಿ ಹಿಂಸೆಯೇ. ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕತಂಗಿ, ವಿಧವೆ ಸೊಸೆ, ಮದುವೆಯಂತೆಯೇ ಜೊತೆಗೆ ಬಾಳಿದವಳು ಕೂಡ ಅರ್ಜಿ ಹಾಕಬಹುದು.

ಮುಂಬಯಿಯಲ್ಲಿ ವಾಸದ ಆದೇಶದ ಬೆಲೆ ಏನೆಂದು ಇಲ್ಲಿ ಬಾಡಿಗೆ ಕಟ್ಟಿದವರಿಗೆ ಹೇಳಬೇಕಾಗಿಲ್ಲ. ಘಾಟ್ಕೋಪರದ ಚಾಳಿನಲ್ಲಿ ಹತ್ತು ಅಡಿ ಖೋಲಿ, ಅದೂ ಮಾವನ ಹೆಸರಿನಲ್ಲಿ. "ಮನೆ ನನ್ನದು, ನಡಿ ಆಚೆ" ಎಂದು ಮಾವ ಅಂದರೆ? ಮೊದಲು ಅವರ ಮಾತೇ ನಡೆಯುತ್ತಿತ್ತು. 2020ರಲ್ಲಿ ಸುಪ್ರೀಂ ಕೋರ್ಟು ಸತೀಶ್ ಚಂದರ್ ಆಹುಜಾ ಪ್ರಕರಣದಲ್ಲಿ ತನ್ನ ಹಳೆಯ ತೀರ್ಪನ್ನು ಬದಿಗಿಟ್ಟು, ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅದು "ಹಂಚಿಕೊಂಡ ಮನೆ" ಆಗಬಹುದು ಎಂದಿತು. ಆದರೆ ಇದು ಕೊನೆಯವರೆಗೂ ಅಲ್ಲಾಡದ ಹಕ್ಕು ಎಂದು ತಿಳಿಯಬೇಡಿ. ವಯಸ್ಸಾದ ಅತ್ತೆಮಾವಂದಿರ ನೆಮ್ಮದಿಯನ್ನೂ ಕೋರ್ಟು ತೂಗುತ್ತದೆ, ಬೇರೆ ಮನೆ ಮಾಡಿಕೊಡು ಎಂದು ಗಂಡನಿಗೆ ಹೇಳಬಹುದು, ಬಾಡಿಗೆ ಕಟ್ಟು ಎನ್ನಬಹುದು. ಒಂದೇ ಖೋಲಿಯಲ್ಲಿ ಹೊಡೆಯುವವನ ಜೊತೆ ಇರಲಾಗದಿದ್ದರೆ ಅವನೇ ಹೊರಗೆ ಹೋಗಲಿ ಎಂಬ ಆದೇಶವನ್ನೂ ಕೇಳಬಹುದು. ಅತ್ತೆಯನ್ನು ಹೊರಗೆ ಕಳಿಸಿ ಎಂದು ಕೇಳಲು ಬರುವುದಿಲ್ಲ. ಹೆಂಗಸಿನ ಮೇಲೆ ಅಂಥ ಆದೇಶ ಕೂಡದು ಎಂದು ಕಾಯ್ದೆಯಲ್ಲೇ ಇದೆ. ಅತ್ತೆ ನಾದಿನಿಯರ ಮೇಲೆ ಉಳಿದ ಆದೇಶಗಳನ್ನು ಕೇಳಬಹುದು. ಮುಂಬಯಿಯಿಂದಲೇ ಹೋದ ಹೀರಲ್ ಹರ್ಸೋರಾ ಪ್ರಕರಣದಲ್ಲಿ 2016ರಲ್ಲಿ ಅದು ಇತ್ಯರ್ಥವಾಗಿದೆ.

ಮಾವ ಇನ್ನೊಂದು ದಾರಿ ಹಿಡಿಯುವುದುಂಟು. ಹಿರಿಯ ನಾಗರಿಕರ ಕಾಯ್ದೆಯಡಿ ಸೊಸೆಯನ್ನು ಖಾಲಿ ಮಾಡಿಸಲು ಟ್ರಿಬ್ಯೂನಲ್‌ಗೆ ಹೋಗುತ್ತಾರೆ. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಆ ಕಾಯ್ದೆಯೊಂದನ್ನೇ ಹಿಡಿದು ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ ಎಂದು ಹೇಳಿದೆ. ನೋಟಿಸು ಬಂದ ದಿನವೇ ಗಂಟುಮೂಟೆ ಕಟ್ಟಬೇಡಿ. ಕಾಗದ ಹಿಡಿದು ವಕೀಲರ ಹತ್ತಿರ ಹೋಗಿ.

ಡಿ.ವಿ. ಅರ್ಜಿಯ ಮೊದಲ ತಾರೀಖು ಸಾಮಾನ್ಯವಾಗಿ ಮೂರು ದಿನದೊಳಗೆ ಬರಬೇಕು, 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮ ಕೋರ್ಟುಗಳ ರಾಶಿಯಲ್ಲಿ ಅದು ಎಳೆಯುತ್ತದೆ, ಆ ಮಾತನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ. ನಿಮ್ಮ ಪ್ರಮಾಣಪತ್ರ ನೋಡಿ, ಎದುರು ಪಕ್ಷದವರು ಬರುವ ಮೊದಲೇ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಆಗ ಆ ಎನ್.ಸಿ. ಚೀಟಿಗಳು ಮಾತಾಡುತ್ತವೆ. ಮೂರು ಬೇರೆ ಬೇರೆ ತಾರೀಖು, ಒಂದೇ ಠಾಣೆ, ಒಂದೇ ಹೆಸರು. ರಕ್ಷಣಾ ಆದೇಶವನ್ನು ಗಂಡ ಮುರಿದರೆ ಅದು ಅಪರಾಧ, ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅರ್ಜಿಯನ್ನು ನೀವೇ ನೇರವಾಗಿ ಹಾಕಬಹುದು, ಇಲ್ಲವೇ ಈ ಕಾಯ್ದೆಗೆಂದೇ ಸರಕಾರ ನೇಮಿಸಿದ ಸಂರಕ್ಷಣ ಅಧಿಕಾರಿಯ ಮೂಲಕ. ಮರಾಠಿಯಲ್ಲೂ ಅದೇ ಹೆಸರು, ಕೇಳುವಾಗ ಹಾಗೆಯೇ ಕೇಳಿ. ನೀವು ಈಗ ಇರುವ ಜಾಗ ತಾತ್ಕಾಲಿಕವಾದರೂ ಅಲ್ಲಿನ ಕೋರ್ಟು ನಡೆಯುತ್ತದೆ. ಭಾಂಡುಪಿನಿಂದ ಓಡಿಹೋಗಿ ಕಾರ್ಕಳದ ಅಮ್ಮನ ಮನೆಯಲ್ಲಿ ಕೂತಿದ್ದರೆ ಕಾರ್ಕಳದಲ್ಲೇ ಅರ್ಜಿ ಹಾಕಬಹುದು. ಆದರೂ ಮನೆಯ ಮೇಲೆ ಕಣ್ಣಿದ್ದರೆ, ಮಕ್ಕಳ ಶಾಲೆ ಇಲ್ಲೇ ಇದ್ದರೆ, ಇಲ್ಲಿ ಉಳಿದು ಇಲ್ಲೇ ಹಾಕಿ ಎಂದು ನಾನು ಹೇಳುವುದು. ಊರಿಗೆ ಹೋದವಳ ಖೋಲಿಗೆ ಬೇರೆ ಬೀಗ ಬೀಳಲು ಒಂದು ವಾರ ಸಾಕು.

ಈಗ 498ಎ. 1983ರಲ್ಲಿ ಹಳೆಯ ಭಾರತೀಯ ದಂಡ ಸಂಹಿತೆಗೆ ಬಂದ ಕಲಂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೇ ಕಲಂಗಳಾಗಿವೆ, ಆದರೆ ಠಾಣೆಯಲ್ಲಿ ಇನ್ನೂ ಹಳೆಯ ನಂಬರೇ ಬಾಯಲ್ಲಿದೆ. ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸೆರೆ ಮತ್ತು ದಂಡ. ವರದಕ್ಷಿಣೆಗಾಗಿ ಪೀಡಿಸುವುದು ಇದರೊಳಗೇ ಬರುತ್ತದೆ. ಶಿಕ್ಷೆಯ ದಾರಿಯಾದ್ದರಿಂದ ಇದರಿಂದ ಸೂರು ಸಿಗುವುದಿಲ್ಲ, ತಿಂಗಳ ಖರ್ಚು ಸಿಗುವುದಿಲ್ಲ. ಎಫ್.ಐ.ಆರ್. ಆದ ಕೂಡಲೇ ಹಿಡಿದುಕೊಂಡು ಹೋಗುತ್ತಾರೆ ಎಂಬುದೂ ಈಗ ಇಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಬಂಧನ ಬೇಕೇ ಎಂಬುದಕ್ಕೆ ಪೊಲೀಸರು ಕಾರಣ ಬರೆಯಬೇಕು, ಬೇಡವಾದರೆ ಮೊದಲು ನೋಟಿಸು ಕೊಟ್ಟು ಕರೆಸಬೇಕು. ಆ ನೋಟಿಸು ಜೇಬಲ್ಲಿಟ್ಟುಕೊಂಡು ಗಂಡ ರಾತ್ರಿ ಅದೇ ಖೋಲಿಗೆ ಬರುತ್ತಾನೆ. ಹಾಗಾಗಿ 498ಎ ಹಾಕುವ ಮೊದಲು ಆ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಗೊತ್ತಿರಲಿ. ಸಿಟ್ಟಿನಲ್ಲಿ ಕೊಟ್ಟು ನಾಳೆ ವಾಪಸು ತೆಗೆಯುವ ದೂರೂ ಅಲ್ಲ. ರಾಜಿಯಾದರೂ ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕಾಗುತ್ತದೆ.

ಆದರೆ ಕುತ್ತಿಗೆ ಹಿಸುಕಿದ್ದರೆ, ಗ್ಯಾಸು ಬಿಟ್ಟು ಬೆಂಕಿಕಡ್ಡಿ ತೋರಿಸಿದ್ದರೆ, ಮಗುವಿನ ಮೈಮೇಲೆ ಕೈ ಬಿದ್ದಿದ್ದರೆ, ಮೇಲಿನ ಲೆಕ್ಕಾಚಾರ ಎಲ್ಲ ಬಿಟ್ಟುಬಿಡಿ. 112ಕ್ಕೆ ಫೋನು, ಆಸ್ಪತ್ರೆ, ಎಫ್.ಐ.ಆರ್. ಯಾವ ಠಾಣೆಗೆ ಹೋದರೂ, ಘಟನೆ ಅವರ ಹದ್ದಿನದ್ದಲ್ಲದಿದ್ದರೂ, ಝೀರೋ ಎಫ್.ಐ.ಆರ್. ಬರೆದುಕೊಳ್ಳಬೇಕು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಬರೆಯಲು ಒಲ್ಲೆ ಎಂದರೆ ಡಿ.ಸಿ.ಪಿ.ಗೆ (ಉಪ ಪೊಲೀಸ್ ಆಯುಕ್ತರಿಗೆ) ಲಿಖಿತ ದೂರು, ಅಲ್ಲಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ತವರಿಗೆ ಹೋದವರು ಅಲ್ಲಿಯೇ 498ಎ ದೂರು ಕೊಡಬಹುದು ಎಂದು 2019ರ ರೂಪಾಲಿ ದೇವಿ ತೀರ್ಪು ಹೇಳಿದೆ.

ಆಸ್ಪತ್ರೆಯಲ್ಲಿ ಒಂದು ಮಾತು. ಡಾಕ್ಟರು ಕೇಳಿದಾಗ "ಬಚ್ಚಲಲ್ಲಿ ಜಾರಿಬಿದ್ದೆ" ಅನ್ನಬೇಡಿ. ಮಾನ ಉಳಿಸಲು ಹೇಳಿದ ಆ ನಾಲ್ಕು ಅಕ್ಷರ ಕೇಸ್‌ಪೇಪರಿನಲ್ಲಿ ಕೂತು, ಎರಡು ವರ್ಷದ ನಂತರ ಎದುರು ವಕೀಲರ ಬಾಯಲ್ಲಿ ಬರುತ್ತದೆ. ಹೊಡೆದರು ಎಂದೇ ಹೇಳಿ, ಹಾಗೆಯೇ ಬರೆಸಿ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಿಂದ ಇರುವ "ದಿಲಾಸಾ" ಕೇಂದ್ರದಲ್ಲಿ ಇಂಥ ಹೆಂಗಸರನ್ನು ಕೂರಿಸಿ ಮಾತಾಡಿಸುವವರಿದ್ದಾರೆ.

ಮೂರನೆಯದು ಜೀವನಾಂಶ, ಇಲ್ಲಿಯವರ ಮಾತಿನಲ್ಲಿ "ಪೋಟ್ಗಿ". ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 144. ಮುಂಬಯಿಯವರು ಇದಕ್ಕೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕುಟುಂಬ ನ್ಯಾಯಾಲಯಕ್ಕೆ ಹೋಗುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಇಲ್ಲ. ತಲಾಖ್ ಆದ ಮುಸ್ಲಿಂ ಹೆಣ್ಣುಮಗಳಿಗೂ ಇದು ಉಂಟು ಎಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಗಟ್ಟಿಮಾಡಿ ಹೇಳಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಎರಡು ಕೆಲಸ ಮಾಡಿತು. ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರಬೇಕು. ಅಂದಮೇಲೆ ಅರ್ಜಿ ತಡವಾದಷ್ಟು ದಿನ ನಿಮ್ಮದೇ ಹಣ ಹೋಯಿತು. ಡಿ.ವಿ.ಯಲ್ಲೂ ಪೋಟ್ಗಿಯಲ್ಲೂ ಎರಡೂ ಕಡೆ ಕೇಳಬಹುದು, ಆದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಮುಚ್ಚಿಡಬಾರದು.

ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿ. ಒಬ್ಬಳು ಗಂಡನ ಖೋಲಿಯಲ್ಲೇ ಇದ್ದಾಳೆ, ಹೊಡೆತ ತಿನ್ನುತ್ತಿದ್ದಾಳೆ, ಕೈಯಲ್ಲಿ ಕೆಲಸವಿಲ್ಲ. ಅವಳಿಗೆ ಡಿ.ವಿ., ಕಣ್ಣುಮುಚ್ಚಿ. ಇನ್ನೊಬ್ಬಳು ಐದು ವರ್ಷದಿಂದ ಮುಲುಂದಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ, ಹೊಡೆತದ ಭಯ ಮುಗಿದಿದೆ, ಗಂಡನಿಗೆ ಒಳ್ಳೆಯ ಸಂಬಳ, ಮಗಳ ಕಾಲೇಜು ಫೀಸು ಕಟ್ಟಬೇಕು. ಅವಳಿಗೆ ಪೋಟ್ಗಿ ಅರ್ಜಿ ಸರಳ, ಜೊತೆಗೆ ವಿಚ್ಛೇದನದ ಮಾತು ಬೇಕಾದರೆ ಅದೇ ಕೋರ್ಟಿನಲ್ಲಿ. ಕುಟುಂಬ ನ್ಯಾಯಾಲಯದಲ್ಲಿ ಸಮಾಲೋಚಕರು "ಹೊಂದಿಕೊಂಡು ಹೋಗಿ" ಅಂದರೆ ಯೋಚಿಸಿ ಉತ್ತರಿಸಿ. ಒಪ್ಪುವುದಿದ್ದರೆ ಷರತ್ತು ಬರಹದಲ್ಲಿರಲಿ.

ಕೋರ್ಟಿಗೆ ಮೊದಲೊಂದು ಮೆಟ್ಟಿಲು ಬೇಕಾದವರಿಗೆ ಪೊಲೀಸ್ ವ್ಯವಸ್ಥೆಯೊಳಗೇ "ಸ್ಪೆಷಲ್ ಸೆಲ್" ಇದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬಯಿಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಶುರು ಮಾಡಿದ್ದು. ಅಲ್ಲಿ ಮಾತಾಡಿಸುವವರು ಸಮಾಜ ಕಾರ್ಯಕರ್ತರು.

ಭಾಷೆಯ ಮಾತು ಹೇಳದಿದ್ದರೆ ಈ ಹೋಲಿಕೆ ಅರ್ಧವಾಗುತ್ತದೆ. ಒಂದು ಠಾಣೆಯಲ್ಲಿ ಹದಿಮೂರು ವರ್ಷದ ಹುಡುಗಿ ಅಮ್ಮನ ಕನ್ನಡವನ್ನು ಮರಾಠಿಗೆ ತಿರುಗಿಸಿ ಹೇಳುತ್ತಿದ್ದಳು. ಅಪ್ಪ ಅಮ್ಮನಿಗೆ ರಾತ್ರಿ ಏನು ಮಾಡಿದ ಎಂಬಲ್ಲಿಗೆ ಬಂದು ಆ ಮಗು ನಿಂತುಬಿಟ್ಟಿತು, ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನೇ ತಿರುವುತ್ತಾ ಕೂತಿತು. ಮುಖ್ಯ ವಾಕ್ಯವೇ ದೂರಿನಲ್ಲಿ ಬರಲಿಲ್ಲ. ಮಕ್ಕಳ ಬಾಯಲ್ಲಿ ಹೇಳಿಸಬೇಡಿ. ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ, ತಾರೀಖು, ಹೊತ್ತು, ಯಾರಿದ್ದರು, ಆಡಿದ ಮಾತು ಆಡಿದ ಹಾಗೆಯೇ. ಆಮೇಲೆ ಮರಾಠಿ ಬಲ್ಲ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬರೆದದ್ದನ್ನು ನಿಮಗೆ ಓದಿ ಹೇಳುವುದು ಪೊಲೀಸರ ಕರ್ತವ್ಯ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಕೆಲಸದಲ್ಲಿ: ಕಚೇರಿಯ ಸಮಿತಿ, ಕಲೆಕ್ಟರ ಸಮಿತಿ, ಪೊಲೀಸು

ರಾಜಸ್ಥಾನದ ಭಂವರಿ ದೇವಿ 1992ರಲ್ಲಿ ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೆ ಒಳಗಾದರು. ಅದರಿಂದ ಹುಟ್ಟಿದ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರಲ್ಲಿ. ಎಲ್ಲರೂ "ಪಾಶ್" ಎಂದು ಕರೆಯುವುದು ಇದನ್ನೇ.

ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬರು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಕೆಲಸ ಉಳಿಯಬೇಕು, ಆ ಮನುಷ್ಯ ನನ್ನ ಮೇಲಧಿಕಾರಿಯಾಗಿ ಇರಬಾರದು ಎನ್ನುವವರಿಗೆ ಈ ದಾರಿ. ವಿಚಾರಣೆ ನಡೆಯುವಾಗ ಬೇರೆ ವಿಭಾಗಕ್ಕೆ ವರ್ಗ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ವಕೀಲರಿಗೆ ಪ್ರವೇಶವಿಲ್ಲ, ಇಬ್ಬರಿಗೂ. ದೂರಿನ ಆರು ಪ್ರತಿ, ಪುರಾವೆ, ಸಾಕ್ಷಿಗಳ ಹೆಸರು ವಿಳಾಸ ಕೊಡಬೇಕು. ಕಾಯಂ ನೌಕರಿ ಆಗಬೇಕೆಂದಿಲ್ಲ, ಗುತ್ತಿಗೆಯವರು, ತರಬೇತಿಗೆ ಬಂದವರು ಎಲ್ಲರೂ ಬರುತ್ತಾರೆ. ಮಲಾಡಿನ ಕಾಲ್ ಸೆಂಟರಿನಿಂದ ರಾತ್ರಿ ಮನೆಗೆ ಬಿಡುವ ಕಂಪನಿಯ ಕ್ಯಾಬು ಕೂಡ ಕೆಲಸದ ಜಾಗವೇ.

ಎಲ್ಲಕ್ಕಿಂತ ದೊಡ್ಡ ಸಂಗತಿ ಮೂರು ತಿಂಗಳು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ನಾನು ಕೆಲಸಕ್ಕಿದ್ದ ಒಂದು ಕಚೇರಿಯಲ್ಲಿ ನನಗೇ ಇದು ಆಗಿದೆ. ಕೆಲಸ ಹೋದೀತು ಎಂಬ ಹೆದರಿಕೆಯಲ್ಲಿ ದಿನ ತಳ್ಳಿ ನಾಲ್ಕನೇ ತಿಂಗಳಲ್ಲಿ ಬರೆದುಕೊಟ್ಟೆ. ತಡವಾಯಿತು ಎಂದು ಒಂದೇ ಸಾಲಿನಲ್ಲಿ ವಾಪಸು ಬಂತು. ತಡಕ್ಕೆ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು ಎಂದು ಅದೇ ಕಾಯ್ದೆಯಲ್ಲಿದೆ. ಆ ಸಾಲು ನನಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಇವತ್ತಿಗೂ ಅದು ನನ್ನ ಎದೆಯಲ್ಲಿ ಚುಚ್ಚುತ್ತದೆ. ನೀವು ತಡವಾಗಿದ್ದರೆ ಕಾರಣವನ್ನು ದೂರಿನಲ್ಲೇ ಬರೆಯಿರಿ. ಹೆದರಿಕೆ, ಕಾಯಿಲೆ, ಊರಲ್ಲಿದ್ದದ್ದು, ಏನಿದೆಯೋ ಅದನ್ನೇ.

"ಸುಳ್ಳು ದೂರು ಅಂತ ನನ್ನ ಮೇಲೇ ತಿರುಗಿಸಿದರೆ?" ಎಂದು ಕೇಳುವವರಿದ್ದಾರೆ. ಸಾಬೀತು ಮಾಡಲು ಆಗಲಿಲ್ಲ ಎಂದಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ, ಕಾಯ್ದೆಯೇ ಹಾಗೆ ಹೇಳಿದೆ.

ಆದರೆ ನಮ್ಮ ಹೆಂಗಸರಲ್ಲಿ ಬಹಳ ಮಂದಿ ಕಚೇರಿಗೆ ಹೋಗುವವರಲ್ಲ. ನಾಲ್ಕು ಮಿಷನ್ನಿನ ಹೊಲಿಗೆ ಅಂಗಡಿ, ಕೇಟರಿಂಗ್ ಅಡುಗೆಮನೆ, ಐದಾರು ಜನರ ಪಾರ್ಲರು, ಬೇರೆಯವರ ಮನೆಯ ಕಸಮುಸುರೆ. ಹತ್ತಕ್ಕಿಂತ ಕಡಿಮೆ ಜನ ಇರುವಲ್ಲಿ, ಅಥವಾ ಕೈ ಹಾಕಿದವನು ಮಾಲೀಕನೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ, ಅಂದರೆ ಕಲೆಕ್ಟರ ಸಮಿತಿಗೆ, ದೂರು. ಮುಂಬಯಿ ಶಹರಕ್ಕೊಂದು, ಉಪನಗರಕ್ಕೊಂದು ಜಿಲ್ಲೆ. ಉಪನಗರದ ಕಲೆಕ್ಟರ್ ಕಚೇರಿ ಬಾಂದ್ರಾ ಪೂರ್ವದಲ್ಲಿದೆ. ಡೊಂಬಿವಲಿಯವರಿಗೆ ಥಾಣೆ ಜಿಲ್ಲೆ, ವಸಾಯಿ ನಾಲಾಸೋಪಾರದವರಿಗೆ ಪಾಲ್ಘರ್. ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಸತ್ಯ ಕಂಡರೆ ಸಮಿತಿ ಏಳು ದಿನದಲ್ಲಿ ಪೊಲೀಸರಿಗೆ ಕಳಿಸಬೇಕು. ಅವಳಿಗೆ ಉಳಿಸಿಕೊಳ್ಳಬೇಕಾದ ಕೆಲಸ ಹೇಗೂ ಆ ಮನೆಯಲ್ಲಿ ಉಳಿದಿರುವುದಿಲ್ಲ. ಹಾಗಾಗಿ ನೇರವಾಗಿ ಪೊಲೀಸರಲ್ಲಿಗೆ ಹೋಗುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಜೊತೆಗೆ ಯಾರಾದರೂ ಇದ್ದರೆ.

ಪೊಲೀಸ್ ದಾರಿಯಲ್ಲಿ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳಕ್ಕೆ, ಮೈಮುಟ್ಟುವುದು, ಲೈಂಗಿಕ ಬೇಡಿಕೆಗಳಿಗೆ ಮೂರು ವರ್ಷದವರೆಗೆ ಸೆರೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ. ಬೆನ್ನುಹತ್ತಿ ಬರುವುದಕ್ಕೆ 78. ಸಮಿತಿಯೂ ಪೊಲೀಸೂ ಜೊತೆಜೊತೆಗೆ ನಡೆಯಬಹುದು, "ಇಲ್ಲಿ ಕೊಟ್ಟಿದ್ದೀರಿ, ಅಲ್ಲಿಗೆ ಹೋಗಬೇಡಿ" ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಪೊಲೀಸ್ ದೂರಿಗೆ ನೆರವಾಗುವುದು ಮಾಲೀಕರ ಕರ್ತವ್ಯ ಎಂದೇ ಕಾಯ್ದೆಯಲ್ಲಿದೆ.

ಉಳಿದ ಎರಡು ಹಕ್ಕುಗಳನ್ನು ಬೇಗ ಹೇಳಿಬಿಡುತ್ತೇನೆ. ಬಾಣಂತಿ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳದೊಂದಿಗೆ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳಲ್ಲಿ ರಾತ್ರಿ 9.30ರಿಂದ ಬೆಳಗ್ಗೆ 7ರವರೆಗೆ ಹೆಂಗಸರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆಯೂ ಸುರಕ್ಷತೆಯ ಏರ್ಪಾಡೂ ಬೇಕು.

ಖರ್ಚು ಮತ್ತು ಕಾಗದ

"ವಕೀಲರಿಗೆ ಎಲ್ಲಿಂದ ತರಲಿ?" ಎಂಬಲ್ಲಿಗೆ ಎಲ್ಲರೂ ನಿಲ್ಲುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸಿಗೆ ಸಂಬಳ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಆದಾಯದ ಸರ್ಟಿಫಿಕೇಟು ಬೇಕಾಗಿಲ್ಲ. ಜಿಲ್ಲಾ ಕೋರ್ಟುಗಳಲ್ಲಿ ಕಚೇರಿ ಇದೆ, ಫೋನು 15100. ಮಹಿಳಾ ಸಹಾಯವಾಣಿ 181, ಮುಂಬಯಿ ಪೊಲೀಸರದ್ದು 103.

ಕಾಗದಗಳನ್ನು ಆ ಮನೆಯಲ್ಲಿ ಇಡಬೇಡಿ. ಮದುವೆಯ ಫೋಟೋ ಮತ್ತು ಆಮಂತ್ರಣ, ಮಕ್ಕಳ ಜನನ ಪ್ರಮಾಣಪತ್ರ, ರೇಷನ್ ಕಾರ್ಡಿನ ಪ್ರತಿ, ಒಡವೆಯ ಬಿಲ್ಲು, ಆಸ್ಪತ್ರೆಯ ಚೀಟಿ, ಎನ್.ಸಿ.ಗಳು, ಗಂಡನ ಸಂಬಳದ ಚೀಟಿ ಸಿಕ್ಕಿದರೆ ಅದರ ಫೋಟೋ. ಬೆದರಿಕೆಯ ಮೆಸೇಜು ಬಂದ ಫೋನನ್ನು ಮಾರಬೇಡಿ, ಸ್ಕ್ರೀನ್‌ಶಾಟ್ ಒಂದರಿಂದಲೇ ಕೆಲಸ ಆಗದೆ ಹೋಗಬಹುದು.

ಮಳೆಗಾಲದಲ್ಲಿ ಬಂದವಳು ಉಚಿತ ವಕೀಲರ ಕೈಯಿಂದ ಡಿ.ವಿ. ಅರ್ಜಿ ಹಾಕಿದಳು, ಮೂರೂ ಎನ್.ಸಿ. ಚೀಟಿಗಳನ್ನು ಲಗತ್ತಿಸಿ. ಎರಡನೇ ತಾರೀಖಿಗೆ ಮಧ್ಯಂತರ ಆದೇಶ ಸಿಕ್ಕಿತು. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು. ತಿಂಗಳ ಖರ್ಚಿನ ಮಾತು ಇನ್ನೂ ನಡೆಯುತ್ತಿದೆ, ಮುಂದಿನ ತಾರೀಖು ದಸರೆ ಕಳೆದ ಮೇಲೆ. ಆದೇಶದ ಒಂದು ಪ್ರತಿ ಅವಳ ಅಕ್ಕಿ ಡಬ್ಬದಲ್ಲಿದೆ, ಒಂದು ಠಾಣೆಯಲ್ಲಿ. ಅರಿಶಿನದ ಕಲೆಯ ಮೂಲ ಚೀಟಿಗಳು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಸಂಘದ ಕಪಾಟಿನ ಮೇಲಿನ ಖಾನೆಯಲ್ಲಿವೆ. ಅಲ್ಲಿ ಇನ್ನೂ ಜಾಗವಿದೆ. ಬೀಗದ ಕೈ ನನ್ನ ಹತ್ತಿರ, ಭಾನುವಾರ ಭಜನೆಯ ನಂತರ ಕೋಣೆ ಆರು ಗಂಟೆಯವರೆಗೆ ತೆರೆದಿರುತ್ತದೆ.